ಸಾವಿರದಲ್ಲಿ ಏಳು ಕಾಳು
(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ನಾವು ಸೇರಿರುವ ಈ ಮೊಲೆಂನಿಂದ ನೇರ ರೇಖೆ ಎಳೆದರೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ಕೈಗಾ ಅಣುವಿದ್ಯುತ್ ಕೇಂದ್ರವಿದೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು. ಮೊದಲನೆಯದು 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ನಡೆದು ವಿಶ್ವದಾಖಲೆ ಸ್ಥಾಪಿಸಿತು. "ಅಲ್ಲಿ ಬಾಂಬು ಮಾಡುತ್ತಾರೆಯೇ?" ಎಂದು ನಮ್ಮ ಮಕ್ಕಳು ಕೇಳುತ್ತಾರೆ. ಇಲ್ಲವೆಂದು ತಲೆ ನೇವರಿಸಿ ಕಳಿಸುವುದು ಸುಲಭ. ಶಿಕ್ಷಕರಾದ ನಮಗೆ ಅದು ಸಲ್ಲದು.

ಗಣಿಯಿಂದ ಬಂದ ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ಸುಲಭವಾಗಿ ಸೀಳುವ ಯುರೇನಿಯಂ-235 ಸುಮಾರು ಏಳು ಮಾತ್ರ. ಉಳಿದದ್ದು ಬಹುತೇಕ ಯುರೇನಿಯಂ-238. ಆ ಏಳರ ಪ್ರಮಾಣವನ್ನು ಹೆಚ್ಚಿಸುವುದೇ ಸಂವರ್ಧನೆ. ಎರಡರ ರಾಸಾಯನಿಕ ಗುಣ ಒಂದೇ, ತೂಕದಲ್ಲಿ ಮಾತ್ರ ನೂರಕ್ಕೆ ಒಂದೂಕಾಲರಷ್ಟು ವ್ಯತ್ಯಾಸ. ಮೊರದಲ್ಲಿ ಕೇರಿದರೆ ಬೇರೆಯಾಗುವಂಥದಲ್ಲ. ಯುರೇನಿಯಂ ಅನ್ನು ಫ್ಲೋರಿನ್‌ನೊಡನೆ ಸೇರಿಸಿ, ಅನಿಲವಾಗಿಸಿ, ಅತಿವೇಗದಿಂದ ತಿರುಗುವ ಕೊಳವೆಗಳಲ್ಲಿ ಸುತ್ತಿಸುತ್ತಾರೆ. ಭಾರವಾದದ್ದು ಗೋಡೆಯತ್ತ ಸರಿಯುತ್ತದೆ, ಹಗುರವಾದದ್ದು ನಡುವೆ ಉಳಿಯುತ್ತದೆ. ಒಂದು ಕೊಳವೆಯ ಸಾಧನೆ ಅತ್ಯಲ್ಪ. ಆದ್ದರಿಂದ ಸಾವಿರಾರು ಕೊಳವೆಗಳನ್ನು ಜೋಡಿಸಬೇಕು.

ಈಗೊಂದು ಲೆಕ್ಕ. ಏಳು ಕಾಳುಗಳಲ್ಲಿ ಒಂದೂ ಕೈತಪ್ಪದೆಂದು ಭಾವಿಸೋಣ. ಜಗತ್ತಿನ ಹೆಚ್ಚಿನ ವಿದ್ಯುತ್ ಸ್ಥಾವರಗಳಿಗೆ ಸಾಕಾಗುವ ಶೇ. 5ರ ಪ್ರಮಾಣ ಬರಬೇಕಾದರೆ 860 ಕಾಳು ಹೊರಹಾಕಿ 140 ಉಳಿಸಬೇಕು. ಶೇ. 20ಕ್ಕೆ ಏರಿಸಲು ಇನ್ನು 105 ತೆಗೆದರಾಯಿತು. ಅಲ್ಲಿಂದ ಬಾಂಬಿಗೆ ಬೇಕಾದ ಶೇ. 90ರ ಸಮೀಪಕ್ಕೆ ಹೋಗಲು ಕೇವಲ 27! ಅದೇ ಯಂತ್ರ, ಅದೇ ಅನಿಲ. ಅರ್ಧಕ್ಕಿಂತ ಹೆಚ್ಚು ಶ್ರಮ ದೀಪ ಹೊತ್ತಿಸುವ ಹಂತದಲ್ಲೇ ಮುಗಿದಿರುತ್ತದೆ. 2015ರ ಒಪ್ಪಂದದಲ್ಲಿ ಇರಾನಿಗೆ ಶೇ. 3.67ರ ಮಿತಿ ಹಾಕಿದ್ದೇಕೆ, 2021ರಲ್ಲಿ ಅದು ಶೇ. 60ಕ್ಕೆ ಏರಿದಾಗ ಜಗತ್ತು ಬೆಚ್ಚಿದ್ದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಕೈಗಾಕ್ಕೆ ಈ ಸಂವರ್ಧನೆ ಬೇಕಿಲ್ಲ. ಭಾರಜಲದ ನೆರವಿನಿಂದ ಅಲ್ಲಿ ಸಹಜ ಯುರೇನಿಯಂ ಇಂಧನವಾಗುತ್ತದೆ. ಇದರ ಬೆಲೆಯನ್ನು ತಾರಾಪುರ ತಿಳಿಸಿತು. 1969ರಲ್ಲಿ ಆರಂಭವಾದ ಆ ಸ್ಥಾವರ ಅಮೆರಿಕದ ಸಂವರ್ಧಿತ ಇಂಧನವನ್ನು ನಂಬಿತ್ತು. 1974ರ ಪೋಖರಣ್ ಪರೀಕ್ಷೆಯ ಬಳಿಕ ಪೂರೈಕೆ ಕುಂಟುತ್ತ ನಿಂತುಹೋಗಿ, 1980ರ ದಶಕದಲ್ಲಿ ಫ್ರಾನ್ಸ್‌ನ ಕಡೆ ನೋಡಬೇಕಾಯಿತು.

ಆದರೆ ಸಂವರ್ಧನೆ ಇಲ್ಲದ ಮೇಲೆ ಬಾಂಬಿನ ಮಾತೇ ಇಲ್ಲ ಎನ್ನುವುದು ಅರ್ಧಸತ್ಯ. 1974ರ ಸ್ಫೋಟಕ್ಕೆ ಬಳಸಿದ್ದು ಟ್ರಾಂಬೆಯ ಸೈರಸ್ ರಿಯಾಕ್ಟರಿನಲ್ಲಿ ಸಹಜ ಯುರೇನಿಯಂನಿಂದಲೇ ಹುಟ್ಟಿದ ಪ್ಲುಟೋನಿಯಂ. 2006ರ ವಿಂಗಡಣಾ ಯೋಜನೆಯಲ್ಲಿ ನಮ್ಮ ಸರಕಾರ 14 ರಿಯಾಕ್ಟರುಗಳನ್ನು ಅಂತಾರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿತು. ಕೈಗಾದ ನಾಲ್ಕೂ ಹೊರಗುಳಿದವು. ಅಲ್ಲಿ ಬಾಂಬು ತಯಾರಾಗುತ್ತದೆಂದು ಇದರ ಅರ್ಥವಲ್ಲ. ಹೊರಗಿನವರು ಬಂದು ಎಣಿಸುವ ಹಕ್ಕಿಲ್ಲ, ಅಷ್ಟೇ. ಇನ್ನು ಸಂವರ್ಧನೆಯ ಕೆಲಸವೂ ಕನ್ನಡನಾಡಿಗೆ ದೂರದ್ದಲ್ಲ. ಮೈಸೂರಿನ ಸಮೀಪದ ರತ್ನಹಳ್ಳಿಯಲ್ಲಿ ಅದಕ್ಕೆಂದೇ ಅಣುಶಕ್ತಿ ಇಲಾಖೆಯ ಸ್ಥಾವರವಿದೆ. ಅದರ ಮುಖ್ಯ ಉದ್ದೇಶ ಜಲಾಂತರ್ಗಾಮಿಗಳ ಇಂಧನವೆಂದು ಪ್ರಕಟ ವರದಿಗಳು ಹೇಳುತ್ತವೆ.

ಡಾ. ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಕೈಗಾವನ್ನು ಅವರು ವಿರೋಧಿಸಿದ್ದರು. ಸೋತರು. ಅವರ ನಿಲುವನ್ನು ಪೂರ್ತಿಯಾಗಿ ಒಪ್ಪದವರೂ ನಮ್ಮಲ್ಲಿದ್ದಾರೆ. ಬೆಳಕು ಬೇಡವೆಂದು ನಾವಾರೂ ಹೇಳಲಾರೆವು. ಆದರೆ ಕೇಳುವ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಿದೆ. ಅವುಗಳ ಬಗೆಗೆ ಕೇಳಬೇಕಾದವರು ಈ ಮಕ್ಕಳೇ.

ಹೊರಗಿನ ಮೇಜಿನ ಮೇಲೆ ಒಂಬತ್ತನೆಯ ತರಗತಿಯವರು ಸಾವಿರ ಕಡಲೆಕಾಳು ಎಣಿಸಿಟ್ಟಿದ್ದಾರೆ. ಏಳಕ್ಕೆ ಕೆಂಪು ಬಣ್ಣ ಹಚ್ಚಿದ್ದಾರೆ. ಚಹಾದ ಹೊತ್ತಿಗೆ ತಾವೆಲ್ಲರೂ ಅತ್ತ ಬಂದು, ಮೊದಲ 860 ಕಾಳು ತೆಗೆಯಲು ಅವರಿಗೆ ಕೈಜೋಡಿಸಬೇಕೆಂದು ಕೋರುತ್ತೇವೆ.