ಕಷ್ಟಕಾಲದ ಸಭಾಪಾಲಕಿಯರು



1944ರ ಜನವರಿ. ಹಾಂಗ್‌ಕಾಂಗ್ ಜಪಾನೀಯರ ಕೈಸೇರಿ ಎರಡು ವರ್ಷ ದಾಟಿತ್ತು. ಪಕ್ಕದ ಮಕಾವ್ ಮಾತ್ರ ಪೋರ್ಚುಗೀಸರ ವಶದಲ್ಲಿತ್ತು. ಪೋರ್ಚುಗಲ್ ಎರಡನೆಯ ಮಹಾಯುದ್ಧದಲ್ಲಿ ಯಾರ ಪಕ್ಷವನ್ನೂ ಹಿಡಿದಿರಲಿಲ್ಲ. ಹಾಗಾಗಿ ಜೀವ ಉಳಿಸಿಕೊಳ್ಳಲು ಬಂದ ನಿರಾಶ್ರಿತರು ಆ ಪುಟ್ಟ ಊರಿನಲ್ಲಿ ಕಿಕ್ಕಿರಿದು ತುಂಬಿದ್ದರು. ಅಲ್ಲಿನ, ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯ ಹೊಣೆ ಹೊತ್ತಿದ್ದವರು ಫ್ಲಾರೆನ್ಸ್ ಲೀ ಟಿಮ್-ಓಯಿ ಎಂಬ ಚೀನೀ ಮಹಿಳೆ. ಆಗ ಅವರಿಗೆ ಮೂವತ್ತಾರು ವರ್ಷ. ಹಸಿದವರಿಗೆ ಊಟ ಹೊಂದಿಸುವುದು, ಕಾಯಿಲೆಯವರನ್ನು ನೋಡುವುದು, ಸತ್ತವರನ್ನು ಮಣ್ಣುಮಾಡುವುದು, ಭಾನುವಾರ ಪ್ರಸಂಗ ಮಾಡುವುದು, ಎಲ್ಲವೂ ಅವರ ಪಾಲಿಗೇ ಬಂದಿತ್ತು. ಆದರೆ ಪದವಿಯಲ್ಲಿ ಅವರು ಬರೀ ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಆಶೀರ್ವದಿಸಿ ಸಭೆಗೆ ಹಂಚಬೇಕಾದರೆ ಹಾಂಗ್‌ಕಾಂಗಿನಿಂದ ಪಾದ್ರಿಯೊಬ್ಬರು ಬರಬೇಕು. ಯುದ್ಧದ ನಡುವೆ ಯಾರೂ ಬರುವಂತಿರಲಿಲ್ಲ.

ಹಾಂಗ್‌ಕಾಂಗಿನ ಬಿಷಪ್ ರೊನಾಲ್ಡ್ ಹಾಲ್ ಮೊದಲು ಒಂದು ತಾತ್ಕಾಲಿಕ ದಾರಿ ಹುಡುಕಿದರು. ಡೀಕನ್ ಆಗಿದ್ದುಕೊಂಡೇ ಭೋಜನ ನಡೆಸಿ ಎಂದು ಟಿಮ್-ಓಯಿ ಅವರಿಗೆ ಅನುಮತಿ ಕೊಟ್ಟರು. ಆಮೇಲೆ ಅವರಿಗೇ ಅದು ಸರಿಯೆನಿಸಲಿಲ್ಲ. ಪಾದ್ರಿಯ ಕೆಲಸ ಮಾಡಿಸಿಕೊಂಡು ಪಾದ್ರಿಯ ದೀಕ್ಷೆ ಕೊಡದೆ ಇರುವುದಕ್ಕಿಂತ ದೀಕ್ಷೆಯನ್ನೇ ಕೊಟ್ಟುಬಿಡುವುದು ನೇರವಾದ ದಾರಿ ಅನ್ನಿಸಿತು. ಜಪಾನೀಯರ ಹಿಡಿತದಲ್ಲಿದ್ದ ಪ್ರದೇಶವನ್ನು ದಾಟಿ ಟಿಮ್-ಓಯಿ ಹೊರಟರು, ಬಿಷಪ್ ಇನ್ನೊಂದು ಕಡೆಯಿಂದ ಬಂದರು. ಜನವರಿ 25ರಂದು ಬಿಷಪ್ ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಂಗ್ಲಿಕನ್ ಸಭೆಯ ಚರಿತ್ರೆಯಲ್ಲಿ ಪಾದ್ರಿಯಾದ ಮೊದಲ ಮಹಿಳೆ ಅವರು. ಹಾಲ್ ಅವರೇನೂ ಸ್ತ್ರೀಸಮಾನತೆಯ ಧ್ವಜ ಹಿಡಿದು ಹೊರಟವರಲ್ಲ. ದೇವರು ಆಕೆಗೆ ಆಗಲೇ ಕೊಟ್ಟಿದ್ದ ವರವನ್ನು ತಾವು ಒಪ್ಪಿಕೊಂಡಿದ್ದಷ್ಟೇ ಎಂಬುದು ಅವರ ವಾದವಾಗಿತ್ತು.

ಯುದ್ಧ ಮುಗಿಯಿತು, ಹಡಗುಗಳ ಓಡಾಟ ಶುರುವಾಯಿತು, ಕಾಗದಪತ್ರಗಳೂ ಬಂದವು. ಇದು ನಿಯಮಕ್ಕೆ ವಿರುದ್ಧ ಎಂದು ಇಂಗ್ಲೆಂಡಿನ ಹಿರಿಯರು ಬಿಷಪ್ ಮೇಲೆ ಒತ್ತಡ ಹಾಕಿದರು. ಬಿಷಪ್‌ಗೆ ತನ್ನಿಂದ ತೊಂದರೆಯಾಗಬಾರದೆಂದು 1946ರಲ್ಲಿ ಟಿಮ್-ಓಯಿ ತಮ್ಮ ಪರವಾನಗಿಯನ್ನು ಮರಳಿಸಿದರು. ಮರಳಿಸಿದ್ದು ಪರವಾನಗಿಯನ್ನು ಮಾತ್ರ, ದೀಕ್ಷೆಯನ್ನಲ್ಲ. ಪಾದ್ರಿಯಂತೆ ಕೆಲಸ ಮಾಡುವುದಿಲ್ಲ, ಆದರೆ ನಾನು ಪಾದ್ರಿಯೇ. ತಾನು ಪಾದ್ರಿಯೇ ಎಂಬ ಈ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಮುಂದೆ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ದಿನಗಳು ಬಂದವು. ಕೆಂಪು ಕಾವಲುಪಡೆಯವರು ಅಲ್ಲೇ ಇದ್ದ ಆಕೆಯ ಕೈಗೇ ಕತ್ತರಿ ಕೊಟ್ಟು ಪಾದ್ರಿಯ ನಿಲುವಂಗಿಗಳನ್ನು ತುಂಡುತುಂಡು ಮಾಡಿಸಿದರು. ಕೋಳಿ ಸಾಕುವ ಕೆಲಸಕ್ಕೆ ಹಚ್ಚಿದರು. ಅತ್ತ 1971ರಲ್ಲಿ ಹಾಂಗ್‌ಕಾಂಗಿನ ಸಭೆ ಇಬ್ಬರು ಮಹಿಳೆಯರಿಗೆ ವಿಧಿವತ್ತಾಗಿ ದೀಕ್ಷೆ ಕೊಟ್ಟಿತು. ಎಂಬತ್ತರ ದಶಕದಲ್ಲಿ ಕೆನಡಾ ಸೇರಿದ ಟಿಮ್-ಓಯಿ ಅಲ್ಲಿ ಮತ್ತೆ ಪಾದ್ರಿಯಾಗಿ ಸೇವೆ ಮಾಡಿದರು. 1992ರ ಫೆಬ್ರವರಿಯಲ್ಲಿ ಟೊರಾಂಟೊದಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್ 11ರಂದು ಇಂಗ್ಲೆಂಡಿನ ಸಭೆ ಮಹಿಳೆಯರಿಗೆ ದೀಕ್ಷೆ ಕೊಡಲು ಒಪ್ಪಿತು. ವಿಶ್ವಾಸಿಗಳ ಪ್ರತಿನಿಧಿಗಳ ಸದನದಲ್ಲಿ ಎರಡೇ ಮತಗಳು ವಿರೋಧದ ಕಡೆ ಬಿದ್ದಿದ್ದರೂ ಮಸೂದೆ ಸೋಲುತ್ತಿತ್ತು.

ಟಿಮ್-ಓಯಿ ಅವರ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಕ್ರೈಸ್ತ ಸಭೆಗಳಲ್ಲಿ ಮಹಿಳಾ ಪಾದ್ರಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ಬೈಬಲ್ ವಚನಗಳ ಜಗಳವಾಗಿ ಹೇಳುತ್ತಾರೆ. ಜಗಳ ಇರುವುದೂ ನಿಜ. ಆದರೆ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ವಚನಕ್ಕಿಂತ ಮೊದಲು ಕಾಣುವುದು ಅಭಾವ. ಗಂಡಸರು ಇಲ್ಲದಾಗ, ಬರಲಾಗದಾಗ, ಅಥವಾ ಅಷ್ಟು ಕಡಿಮೆ ಸಂಬಳಕ್ಕೆ ಒಪ್ಪದಾಗ ಹೆಣ್ಣನ್ನು ಕರೆದಿದ್ದಾರೆ. ಕಾಲ ಸರಿಹೋದ ಮೇಲೆ ವಚನ ನೆನಪಾಗಿದೆ.

ವಚನಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕು ಎಂಬ ಮಾತು ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿದೆ. ಉಪದೇಶ ಮಾಡುವ ಅಧಿಕಾರ ಹೆಣ್ಣಿಗಿಲ್ಲ ಎಂಬುದು ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ. ಅದೇ ಪೌಲನ ಹೆಸರಿನ ಗಲಾತ್ಯದ ಪತ್ರದಲ್ಲಿ ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂದಿದೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಫೊಯಿಬೆ, ಪ್ರಿಸ್ಕಿಲ್ಲ ಮೊದಲಾದ ಹೆಂಗಸರನ್ನು ತನ್ನ ಜೊತೆ ದುಡಿದವರೆಂದು ಗೌರವದಿಂದ ನೆನೆದಿದ್ದಾನೆ. ಯೇಸು ಎದ್ದುಬಂದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳು. ಇತ್ತ ಕಥೋಲಿಕ ಸಭೆ, ಯೇಸು ಆರಿಸಿದ ಹನ್ನೆರಡು ಮಂದಿಯೂ ಗಂಡಸರೇ ಎಂಬ ಆಧಾರವನ್ನು ಮುಂದಿಡುತ್ತದೆ. ಹೆಣ್ಣಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದು 1994ರಲ್ಲಿ ಎರಡನೆಯ ಜಾನ್ ಪಾಲ್ ಪೋಪ್ ಸ್ಪಷ್ಟವಾಗಿ ಹೇಳಿದರು. ಎರಡೂ ಕಡೆಯವರ ಹತ್ತಿರ ಪುಸ್ತಕವಿದೆ. ಪುಸ್ತಕದಿಂದಲೇ ಇತ್ಯರ್ಥವಾಗುವಂತಿದ್ದರೆ ಎಷ್ಟೋ ಶತಮಾನದ ಹಿಂದೆಯೇ ಆಗುತ್ತಿತ್ತು.

ಈಗ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿಗೆ ಬನ್ನಿ. 1711-12ರ ಚಳಿಗಾಲ. ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿ ಸಭೆಯ ಕೆಲಸಕ್ಕೆಂದು ಲಂಡನ್ನಿಗೆ ಹೋಗಿದ್ದರು. ಅವರ ಬದಲಿಗೆ ನಿಂತ ಕಿರಿಯ ಪಾದ್ರಿಯ ಪ್ರಸಂಗ ಜನಕ್ಕೆ ಹಿಡಿಸಲಿಲ್ಲ. ಹೆಂಡತಿ ಸೂಸನ್ನಾ ಮನೆಯ ಅಡುಗೆಕೋಣೆಯಲ್ಲಿ ಮಕ್ಕಳನ್ನೂ ಆಳುಗಳನ್ನೂ ಕೂರಿಸಿಕೊಂಡು ಪ್ರಾರ್ಥನೆ ಮಾಡಿ, ಗಂಡನ ಪುಸ್ತಕದ ಕಪಾಟಿನಿಂದ ಒಳ್ಳೆಯ ಪ್ರಸಂಗವೊಂದನ್ನು ತೆಗೆದು ಓದುತ್ತಿದ್ದರು. ಆಳಿನ ಮನೆಯವರು ಬಂದರು, ಅವರ ನೆಂಟರು ಬಂದರು, ಕೊನೆಗೆ ಇನ್ನೂರಕ್ಕೂ ಹೆಚ್ಚು ಜನ. ಜಾಗ ಸಾಲದೆ ಕೆಲವರು ವಾಪಸು ಹೋಗಬೇಕಾಯಿತು. ಕಿರಿಯ ಪಾದ್ರಿ ಲಂಡನ್ನಿಗೆ ದೂರು ಬರೆದ. ನಿಲ್ಲಿಸು ಎಂದು ಗಂಡನಿಂದ ಕಾಗದ ಬಂತು. ಸೂಸನ್ನಾ ಕೊಟ್ಟ ಉತ್ತರ ಬಹಳ ಜಾಣತನದ್ದು. ನಿಲ್ಲಿಸಬೇಕೆಂಬ ಆಸೆಯನ್ನು ತಿಳಿಸಿದರೆ ಸಾಲದು, ಸ್ಪಷ್ಟವಾಗಿ ಆಜ್ಞೆ ಮಾಡಿ, ನ್ಯಾಯತೀರ್ಪಿನ ದಿನ ದೇವರು ಕೇಳಿದಾಗ ಹೊಣೆ ನಿಮ್ಮದಾಗಲಿ ಎಂದು ಬರೆದರು. ಗಂಡ ಆಜ್ಞೆ ಮಾಡಲಿಲ್ಲ.

ಆ ಅಡುಗೆಕೋಣೆಯಲ್ಲಿ ಕೂತಿದ್ದ ಮಕ್ಕಳಲ್ಲಿ ಎಂಟು ವರ್ಷದ ಜಾನ್ ಕೂಡ ಒಬ್ಬ. ಮುಂದೆ ಮೆಥೊಡಿಸ್ಟ್ ಚಳವಳಿ ಕಟ್ಟಿದ ಜಾನ್ ವೆಸ್ಲಿ ಅವನೇ. 1761ರಲ್ಲಿ ಸಾರಾ ಕ್ರಾಸ್ಬಿ ಎಂಬ ಶಿಷ್ಯೆ ಡರ್ಬಿಯಲ್ಲಿ ಮೂವತ್ತು ಜನರನ್ನು ನಿರೀಕ್ಷಿಸಿ ಹೋದರೆ ಸುಮಾರು ಇನ್ನೂರು ಜನ ಸೇರಿದ್ದರು. ಇಷ್ಟು ಜನರೆದುರು ಮಾತಾಡಿದೆ, ತಪ್ಪಾಯಿತೇ ಎಂದು ವೆಸ್ಲಿಗೆ ಬರೆದು ಕೇಳಿದರು. ತಪ್ಪಿಲ್ಲ, ಆದರೆ ನಮ್ಮಲ್ಲಿ ಹೆಣ್ಣು ಬೋಧಕಿಯರಿಲ್ಲ ಎಂದು ಮೊದಲೇ ಹೇಳಿಬಿಟ್ಟು, ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ ಎಂಬರ್ಥದ ಉತ್ತರ ಬಂತು. ಬೋಧನೆ ನಡೆಯಲಿ, ಅದನ್ನು ಬೋಧನೆ ಎನ್ನುವುದು ಬೇಡ! ಹತ್ತು ವರ್ಷದ ಮೇಲೆ ಇನ್ನೊಬ್ಬ ಶಿಷ್ಯೆಗೆ ಬರೆದಾಗ, ಇದು ದೇವರ ಅಸಾಧಾರಣ ಕರೆ ಎಂದು ಒಪ್ಪಿಕೊಂಡರು. 1791ರಲ್ಲಿ ವೆಸ್ಲಿ ತೀರಿಕೊಂಡರು. ಚಳವಳಿ ಮರ್ಯಾದಸ್ಥ ಸಂಸ್ಥೆಯಾಗತೊಡಗಿತು. 1803ರ ಸಮ್ಮೇಳನ ಹೆಂಗಸರು ಬೋಧಿಸಕೂಡದೆಂದಿತು. ತೀರಾ ಬೇಕಿದ್ದರೆ ಹೆಂಗಸರಿಗೆ ಮಾತ್ರ, ಅದಕ್ಕೂ ಅಪ್ಪಣೆ ಬೇಕು.

ಅಮೆರಿಕದಲ್ಲಿ ಆಂಟೊನೆಟ್ ಬ್ರೌನ್ ಓಬರ್ಲಿನ್ ಕಾಲೇಜಿನಲ್ಲಿ ದೇವತಾಶಾಸ್ತ್ರದ ಪಾಠಗಳನ್ನೆಲ್ಲ ಮುಗಿಸಿದರೂ ಕಾಲೇಜು ಪದವಿ ಕೊಡಲಿಲ್ಲ. 1853ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕ್ ರಾಜ್ಯದ ಸೌತ್ ಬಟ್ಲರ್ ಎಂಬ ಊರಿನ ಸಣ್ಣ ಸಭೆ ಅವರಿಗೆ ದೀಕ್ಷೆ ಕೊಟ್ಟಿತು. ಸಂಬಳ ವರ್ಷಕ್ಕೆ ಬರೀ 300 ಡಾಲರ್. ಬ್ರೌನ್ ಆ ಕೆಲಸದಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಆದರೆ ಆಯಸ್ಸು ಗಟ್ಟಿ. 1920ರಲ್ಲಿ ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತದ ಹಕ್ಕು ಸಿಕ್ಕಿದಾಗ ತೊಂಬತ್ತೈದರ ಆ ಅಜ್ಜಿ ಹೋಗಿ ಮತ ಹಾಕಿ ಬಂದರು.

ಜರ್ಮನಿಯಲ್ಲೂ ಎರಡನೆಯ ಮಹಾಯುದ್ಧದಲ್ಲಿ ಪಾದ್ರಿಗಳು ಸೈನ್ಯಕ್ಕೆ ಹೋದರು, ಹಿಟ್ಲರನನ್ನು ವಿರೋಧಿಸಿದ ಕೆಲವರು ಜೈಲು ಸೇರಿದರು. ದೇವತಾಶಾಸ್ತ್ರ ಓದಿದ್ದ ಹೆಂಗಸರು ಸಭೆಗಳನ್ನು ನಡೆಸಿದರು. ಇಲ್ಸೆ ಹೆರ್ಟರ್, ಹನೆಲೋರೆ ರೈಫನ್ ಎಂಬಿಬ್ಬರು ಗಂಡಸರಿಗಿಂತ ಕೆಳದರ್ಜೆಯ ನೇಮಕವನ್ನು ಒಪ್ಪದೆ ಹಟಹಿಡಿದು, 1943ರ ಜನವರಿಯಲ್ಲಿ ಸಾಕ್ಸೆನ್‌ಹೌಸನ್ನಿನಲ್ಲಿ ಪೂರ್ಣ ದೀಕ್ಷೆಯನ್ನೇ ಪಡೆದರು. ಯುದ್ಧ ಮುಗಿದು ಗಂಡಸರು ಮರಳಿದ ಮೇಲೆ ಬಹುಪಾಲು ಹೆಂಗಸರು ಪೀಠ ಬಿಟ್ಟು ಮಕ್ಕಳ ಪಾಠ, ಸ್ತ್ರೀಯರ ಕೂಟಗಳಿಗೆ ವಾಪಸಾಗಬೇಕಾಯಿತು. ಮದುವೆಯಾದರೆ ಕೆಲಸ ಬಿಡಬೇಕೆಂಬ ನಿಯಮವಂತೂ ಹಲವು ಪ್ರಾಂತಗಳಲ್ಲಿ ದಶಕಗಳ ಕಾಲ ಉಳಿಯಿತು.

ನಮ್ಮ ನಾಡಿನ ಮಾತಿಗೆ ಬರೋಣ. ಮಂಗಳೂರು, ಧಾರವಾಡಗಳಲ್ಲಿ ಬಾಸೆಲ್ ಮಿಶನ್, ಬಳ್ಳಾರಿಯಲ್ಲಿ ಲಂಡನ್ ಮಿಶನ್, ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನ್ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಮನೆಗಳ ಒಳಕೋಣೆಗೆ ಪರಗಂಡಸಿಗೆ ಪ್ರವೇಶವಿರಲಿಲ್ಲ, ಬಿಳಿಯ ಪಾದ್ರಿಗಂತೂ ಇಲ್ಲವೇ ಇಲ್ಲ. ಅಲ್ಲಿಗೆ ಹೋದವರು ಬೈಬಲ್ ವುಮನ್ ಎಂದು ಕರೆಸಿಕೊಂಡ ಸ್ಥಳೀಯ ಹೆಂಗಸರು. ಎಷ್ಟೋ ಮಂದಿ ವಿಧವೆಯರು. ಕೈಯಲ್ಲೊಂದು ಪುಸ್ತಕ ಹಿಡಿದು ಮನೆಯಿಂದ ಮನೆಗೆ ನಡೆದು ಅಕ್ಷರ ಕಲಿಸಿದರು, ಕತೆ ಹೇಳಿದರು, ಬಾಣಂತಿಯರ ಪಕ್ಕ ಕೂತು ಪ್ರಾರ್ಥಿಸಿದರು. ಪಾದ್ರಿ ಮಾಡುವ ಕೆಲಸದ ಬಹುಭಾಗ ಅದೇ. ಆದರೆ ಮಿಶನ್ನಿನ ವರದಿಗಳಲ್ಲಿ ಅವರಿಗೆ ಸಿಕ್ಕುವ ಜಾಗ ಒಂದೆರಡು ಸಾಲು, ಅದೂ ಅನೇಕ ಸಲ ಹೆಸರಿಲ್ಲದೆ. ನಮ್ಮ ಸಭೆಗಳ ಚರಿತ್ರೆ ಬರೆಯುವವರು ಈ ಹೆಂಗಸರಿಂದಲೇ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ.

1947ರಲ್ಲಿ ಹಲವು ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ, ನಾವು ಸಿ.ಎಸ್.ಐ. ಎನ್ನುವ ಸಭೆ, ಹುಟ್ಟಿತು. ಆ ಸಭೆಯಲ್ಲಿ 1976ರಲ್ಲಿ ಎಲಿಜಬೆತ್ ಪೌಲ್ ಮೊದಲ ಮಹಿಳಾ ಪಾದ್ರಿಯಾದರು. ಇಂಗ್ಲೆಂಡಿನ ಸಭೆ ಬ್ರಿಸ್ಟಲ್ ಕೆಥೆಡ್ರಲ್‌ನಲ್ಲಿ ತನ್ನ ಮೊದಲ 32 ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಟ್ಟಿದ್ದು 1994ರ ಮಾರ್ಚ್ 12ರಂದು. ಅಂದರೆ ನಾವು ಹದಿನೆಂಟು ವರ್ಷ ಮುಂದೆ. ಬಿಷಪ್ ಪೀಠದ ಮಾತು ಬಂದಾಗ ಮಾತ್ರ ಈ ಅವಸರ ಕಾಣಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಆಂಧ್ರದ ನಂದ್ಯಾಲಕ್ಕೆ ಇ. ಪುಷ್ಪ ಲಲಿತಾ ಬಿಷಪ್ ಆಗುವವರೆಗೆ ಮೂವತ್ತೇಳು ವರ್ಷ ಕಾಯಬೇಕಾಯಿತು.

ಇಂದು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಹೆಣ್ಣುಮಕ್ಕಳು ಬಿ.ಡಿ. ಎಂಬ ದೇವತಾಶಾಸ್ತ್ರದ ಪದವಿಗೆ ಓದುತ್ತಾರೆ. ಓದಿ ಬಂದವರ ಬಗ್ಗೆ ಸಭೆಯ ಅಂಗಳದಲ್ಲಿ ಕೇಳಿಬರುವ ಮಾತುಗಳಲ್ಲಿ ಪೌಲನ ಪತ್ರ ಅಷ್ಟಾಗಿ ಬರುವುದಿಲ್ಲ. ರಾತ್ರಿ ಹೊತ್ತು ಸಾವಿನ ಮನೆಗೆ ಕರೆ ಬಂದರೆ ಹೇಗೆ ಹೋಗುತ್ತಾರೆ? ಬಸುರಿಯಾದರೆ ಪೀಠದ ಮುಂದೆ ನಿಲ್ಲುವುದು ಚೆಂದವೇ? ಮುಟ್ಟಿನ ದಿನ ಕರ್ತನ ಭೋಜನ ಕೊಡಬಹುದೇ? ಈ ಕೊನೆಯ ಪ್ರಶ್ನೆ ಬಂದಿದ್ದು ಬೈಬಲಿನ ಹೊಸ ಒಡಂಬಡಿಕೆಯಿಂದಲ್ಲ, ನಮ್ಮ ಮನೆಗಳ ಹಿತ್ತಿಲಿನಿಂದ. ಇನ್ನೊಂದು ತಮಾಷೆಯೂ ಇದೆ. ಪಾದ್ರಿಯ ಹೆಂಡತಿ ಸಂಡೇ ಸ್ಕೂಲ್ ನಡೆಸಬೇಕು, ಮಹಿಳಾ ಕೂಟ ನೋಡಿಕೊಳ್ಳಬೇಕು, ಬಂದವರಿಗೆಲ್ಲ ಕಾಫಿ ಕೊಡಬೇಕು, ಅದೂ ಸಂಬಳವಿಲ್ಲದೆ. ಪಾದ್ರಿಯೇ ಹೆಂಗಸಾದರೆ ಅವರ ಯಜಮಾನರಿಂದ ಕಾಫಿಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಆ ಕೆಲಸವೂ ಪಾದ್ರಿಯಮ್ಮನದೇ.

ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದವರ ಕತೆ ಇನ್ನೂ ವಿಚಿತ್ರ. ಅವರು ಪ್ರತಿ ಕ್ರಿಸ್‌ಮಸ್‌ಗೆ ಎತ್ತುವ ಮಿಶನ್ ಕಾಣಿಕೆಗೆ ಲಾಟಿ ಮೂನ್ ಎಂಬ ಮಹಿಳೆಯ ಹೆಸರಿದೆ. 1873ರಲ್ಲಿ ಚೀನಾಕ್ಕೆ ಹೋಗಿ, 1912ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಹಡಗಿನಲ್ಲೇ ತೀರಿಕೊಂಡವರು. ಹಳ್ಳಿಗಳಲ್ಲಿ ಕಲಿಸಲು ಗಂಡಸು ಮಿಶನರಿಗಳು ಸಿಗದಿದ್ದಾಗ ಅಲ್ಲಿನ ಗಂಡಸರೂ ಆಕೆಯ ಬಾಯಿಂದಲೇ ಸುವಾರ್ತೆ ಕೇಳಿದರು. ಪಾದ್ರಿ ಪದವಿ ಗಂಡಸರಿಗಷ್ಟೇ ಎಂದು ಅದೇ ಪಂಗಡ 2000ದಲ್ಲಿ ತನ್ನ ನಂಬಿಕೆಯ ಪ್ರಕಟಣೆಯಲ್ಲಿ ಬರೆದುಕೊಂಡಿತು. ಮಹಿಳೆಯರನ್ನು ಪಾದ್ರಿಗಳನ್ನಾಗಿ ಮಾಡಿದ ಕ್ಯಾಲಿಫೋರ್ನಿಯದ ಸ್ಯಾಡಲ್‌ಬ್ಯಾಕ್ ಎಂಬ ಭಾರಿ ಸಭೆಯನ್ನು 2023ರಲ್ಲಿ ಹೊರಹಾಕಿತು. ನಿಷೇಧವನ್ನು ಪಂಗಡದ ಸಂವಿಧಾನದಲ್ಲೇ ಸೇರಿಸುವ ಪ್ರಯತ್ನಕ್ಕೆ 2024ರಲ್ಲಿ ಶೇಕಡಾ 61ರಷ್ಟು ಮತ ಬಂತು. ಬೇಕಿದ್ದದ್ದು ಮೂರರಲ್ಲಿ ಎರಡು ಪಾಲು.

ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರಿನಲ್ಲಿ ಅಲ್ಲಿನ ಸಭೆಯ ಅತಿ ಹಿರಿಯ ಬಿಷಪ್, ಅಂದರೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹುದ್ದೆಗೆ ಸಾರಾ ಮುಲ್ಲಾಲಿ ಅವರ ಹೆಸರನ್ನು ಪ್ರಕಟಿಸಿದರು. ಹಿಂದೆ ನರ್ಸ್ ಆಗಿದ್ದವರು. ಇದನ್ನು ಕೇಳಿದವರು, ಇನ್ನೇನು, ಚರಿತ್ರೆ ಒಂದೇ ದಿಕ್ಕಿಗೆ ಹೋಗುತ್ತಿದೆ ಎಂದುಕೊಳ್ಳಬಹುದು. ಅಂಥವರು ಲಾಟ್ವಿಯ ದೇಶವನ್ನು ನೋಡಬೇಕು. ಸೋವಿಯತ್ ಆಡಳಿತದ ಕಾಲದಲ್ಲಿ, ಸಭೆಗಳು ನಲುಗಿಹೋಗಿದ್ದಾಗ, 1975ರಲ್ಲಿ ಅಲ್ಲಿನ ಲೂಥರನ್ ಸಭೆ ಮಹಿಳೆಯರಿಗೆ ದೀಕ್ಷೆ ಕೊಟ್ಟಿತು. ದೇಶ ಸ್ವತಂತ್ರವಾಯಿತು. 1993ರಲ್ಲಿ ಬಂದ ಹೊಸ ಆರ್ಚ್‌ಬಿಷಪ್ ಅದನ್ನು ನಿಲ್ಲಿಸಿದರು. 2016ರ ಜೂನ್‌ನಲ್ಲಿ ಸಭೆಯ ಮಹಾಸಮ್ಮೇಳನ ದೊಡ್ಡ ಬಹುಮತದಿಂದ ನಿಯಮವನ್ನೇ ತಿದ್ದಿ, ದೀಕ್ಷೆ ಗಂಡಸರಿಗೆ ಮಾತ್ರ ಎಂದು ಬರೆಯಿತು. ಸೋವಿಯತ್ ಆಡಳಿತಕ್ಕೆ ಹೆದರಿ ದೇಶ ಬಿಟ್ಟು ಹೋದ ಲಾಟ್ವಿಯನ್ನರು ಹೊರಗೆ ಕಟ್ಟಿಕೊಂಡ ಲೂಥರನ್ ಸಭೆಯೊಂದಿದೆ. ಅದೇ ಭಾಷೆ, ಅದೇ ಬೈಬಲ್. ಆ ಹೊತ್ತಿಗೆ ಅದರ ಆರ್ಚ್‌ಬಿಷಪ್ ಆಗಿದ್ದವರು ಲೌಮಾ ಜುಶೆವಿಕ್ಸ್ ಎಂಬ ಮಹಿಳೆ.