ಲೆಕ್ಕದ ಪುಸ್ತಕ ಯಾರ ಗಲ್ಲಾದಲ್ಲಿ?

(ಸಂಘದ ಮಾಸಿಕ ಸಭೆಯಲ್ಲಿ, ಹೋಟೆಲುಗಳ ಕೆಲಸ ಮುಗಿದ ಮೇಲೆ, ರಾತ್ರಿ ಮಾಡಿದ ಭಾಷಣ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಅಚ್ಚು ಮಾಡಿದೆ.)



ರಾತ್ರಿ ಹನ್ನೊಂದು ಗಂಟೆ ಕಳೆದಿದೆ. ನಿಮ್ಮಲ್ಲಿ ಅನೇಕರು ಬೆಳಗಿನ ಐದರಿಂದ ಕಾಲ ಮೇಲೆ ನಿಂತವರು. ಆದ್ದರಿಂದ ನನ್ನ ಮಾತನ್ನು ಎಳೆಯುವುದಿಲ್ಲ.

ಇಂದು ನಮ್ಮ ಮುಂದೆ ಒಂದು ಸೂಚನೆ ಬಂದಿದೆ. ಸಂಘದ ಸದಸ್ಯರ ಪಟ್ಟಿ, ತಿಂಗಳ ಚಂದಾ, ಯಾರು ಯಾವ ಹೋಟೆಲಿನಲ್ಲಿದ್ದಾರೆ, ಯಾರ ತಕರಾರು ಏನು, ಇವನ್ನೆಲ್ಲ ಫೋನಿನಲ್ಲಿ ಪುಕ್ಕಟೆ ಸಿಗುವ ಒಂದು ಆ್ಯಪಿಗೆ ಹಾಕಿಬಿಡೋಣ, ಪುಸ್ತಕ ಬರೆಯುವ ರಗಳೆ ತಪ್ಪುತ್ತದೆ ಎಂಬುದು ಆ ಸೂಚನೆ. ತಂದವರು ನಮ್ಮ ತರುಣರು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಾರೆ. ಆದರೂ ಕೈ ಎತ್ತುವ ಮೊದಲು ಸ್ವಲ್ಪ ಯೋಚಿಸಬೇಕೆಂದು ನನ್ನ ವಿನಂತಿ.

ಏಳನೆಯ ತರಗತಿ ಓದಿ, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಮೋರಿಯಲ್ಲಿ ಕಪ್ಪು ಬಸಿ ತೊಳೆದವನಿಗೆ ಕಂಪ್ಯೂಟರಿನ ಮಾತೇಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ನನ್ನ ಉತ್ತರ ಇಷ್ಟೆ: ಯಂತ್ರ ಮಾಡಲು ಬಾರದವನಿಗೂ ತನ್ನ ಪಗಾರದ ಲೆಕ್ಕ ಕೇಳುವ ಅಧಿಕಾರ ಉಂಟು.

ನಾನು ಸಪ್ಲಾಯರ್ ಆಗಿದ್ದ ಒಂದು ಹೋಟೆಲಿನಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಅಲ್ಲಿ ಹಾಜರಿ ಪುಸ್ತಕ ತೆಗೆದು ಬೆರಳೊತ್ತುವ ಯಂತ್ರ ಇಟ್ಟರು. ಇನ್ನು ಮೋಸಕ್ಕೆ ಜಾಗವಿಲ್ಲವೆಂದು ನಾವು ಸಂತೋಷಪಟ್ಟೆವು. ಒಲೆ ಹೊತ್ತಿಸಲು, ಹಿಟ್ಟು ಇಳಿಸಲು ನಾವು ಹನ್ನೊಂದು ಮಂದಿ ಬೆಳಗ್ಗೆ ಐದೂವರೆಗೆ ಬರಬೇಕೆಂದು ಧನಿಗಳ ಅಪ್ಪಣೆ. ಬಂದು ಬೆರಳು ಒತ್ತುತ್ತಿದ್ದೆವು. ತಿಂಗಳ ಕೊನೆಗೆ ನೋಡಿದರೆ ಎಲ್ಲರ ಹಾಜರಿಯೂ ಆರು ಗಂಟೆಯಿಂದ! ದಿನಕ್ಕೆ ಅರ್ಧ ಗಂಟೆ, ಇಪ್ಪತ್ತಾರು ದಿನಕ್ಕೆ ಹದಿಮೂರು ಗಂಟೆ, ಹನ್ನೊಂದು ಮಂದಿಗೆ 143 ಗಂಟೆ. ಅಷ್ಟು ದುಡಿಮೆ ಯಂತ್ರದ ಹೊಟ್ಟೆಯೊಳಗೆ ಹೋಗಿತ್ತು. ಗಲ್ಲಾದ ಮುಂದೆ ನಿಂತು ಕೇಳಿದೆವು. "ನನ್ನ ಕೈಯಲ್ಲಿ ಏನಿದೆ ಮಾರಾಯ, ಸರ್ವರಿನಲ್ಲಿ ಹಾಗೆ ಬರುತ್ತದೆ" ಎಂದರು ಧನಿಗಳು.

ಆಗ ದಾರಿ ತೋರಿಸಿದವರು 1982ರ ಮುಷ್ಕರದವರೆಗೆ ಗಿರಣಿಯಲ್ಲಿದ್ದ ನಮ್ಮ ಒಬ್ಬ ಹಿರಿಯರು. "ತಮ್ಮಾ, ಮಸ್ಟರು ನಮ್ಮ ಕೈಯಲ್ಲಿಲ್ಲದಿದ್ದರೆ ನಮ್ಮದೇ ಒಂದು ಮಸ್ಟರು ಬರೆದಿಡಬೇಕು" ಎಂದರು. ಒಂದು ನೋಟುಪುಸ್ತಕ ತಂದೆವು. ದಿನವೂ ಬಂದ ಹೊತ್ತು, ಹೋದ ಹೊತ್ತು, ಪಕ್ಕದಲ್ಲಿ ಸಹಿ. ಎರಡು ತಿಂಗಳ ಮೇಲೆ ಅದನ್ನು ಮುಂದಿಟ್ಟಾಗ ಧನಿಗಳು ಒಪ್ಪಬೇಕಾಯಿತು. ಅಲ್ಲಿಂದ ಮುಂದೆ ಅರ್ಧ ಗಂಟೆಯ ಹಣ ಬಂತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ಹಾಜರಿಯ ಪ್ರೋಗ್ರಾಮು ಧನಿಗಳದ್ದೂ ಆಗಿರಲಿಲ್ಲ, ತಿಂಗಳ ಬಾಡಿಗೆಗೆ ತಂದದ್ದು. ಬಾಡಿಗೆ ಏರಿಸಿದರೆಂದು ಜಗಳವಾಗಿ ಅವರು ಅದನ್ನು ಬಿಟ್ಟರು. ಬಿಟ್ಟ ದಿನವೇ ಮೂರು ವರ್ಷದ ಹಾಜರಿ ಮಾಯವಾಯಿತು. ಅದೇ ಸಮಯಕ್ಕೆ ನಮ್ಮ ಚಹಾ ಮಾಡುವವರು ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಅವರಿಗೆ ಸೇವೆಯ ದಾಖಲೆ ಬೇಕಿತ್ತು. ಧನಿಗಳು ಕೈ ಚೆಲ್ಲಿದರು. ನಮ್ಮ ನೋಟುಪುಸ್ತಕದಲ್ಲಿದ್ದದ್ದು ಒಂದೂವರೆ ವರ್ಷದ ಲೆಕ್ಕ ಮಾತ್ರ. ಉಳಿದ ಒಂದೂವರೆ ವರ್ಷ ಅವರು ದುಡಿದೇ ಇಲ್ಲವೇನೋ ಎಂಬಂತಾಯಿತು.

ಈ ಪ್ರಸಂಗವನ್ನು ನಮ್ಮ ರಾತ್ರಿ ಶಾಲೆಗೆ ಕಂಪ್ಯೂಟರು ಕಲಿಸಲು ಬರುವ ಮಾಸ್ತರರಿಗೆ ಹೇಳಿದೆ. ಅವರು ನಕ್ಕು, "ನೀವು ಕಂಡದ್ದನ್ನೇ ಅಮೆರಿಕೆಯ ಒಬ್ಬ ಹಳೆಯ ಕಂಪ್ಯೂಟರು ಕೆಲಸಗಾರ ನಾಲ್ವತ್ತು ವರ್ಷದಿಂದ ಹೇಳುತ್ತಿದ್ದಾನೆ" ಎಂದರು. ಅವರ ಹೆಸರು ರಿಚರ್ಡ್ ಸ್ಟಾಲ್ಮನ್. ಹುಟ್ಟಿದ್ದು 1953ರಲ್ಲಿ, ನ್ಯೂಯಾರ್ಕಿನಲ್ಲಿ. 1971ರಿಂದ ಎಂ.ಐ.ಟಿ. ಎಂಬ ದೊಡ್ಡ ವಿದ್ಯಾಸಂಸ್ಥೆಯ ಪ್ರಯೋಗಶಾಲೆಯಲ್ಲಿ ಪ್ರೋಗ್ರಾಮು ಬರೆಯುವ ಕೆಲಸ ಮಾಡಿದವರು.

ಅವರ ಹೋರಾಟ ಆರಂಭವಾದದ್ದು ಒಂದು ಮುದ್ರಣ ಯಂತ್ರದಿಂದ. ಆ ಶಾಲೆಯಲ್ಲಿ ಮೊದಲಿದ್ದ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ, ಕಾದು ಕುಳಿತವರಿಗೆಲ್ಲ ಸುದ್ದಿ ಹೋಗುವಂತೆ ಇವರು ಪ್ರೋಗ್ರಾಮನ್ನು ತಿದ್ದಿದ್ದರು. 1980ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಹೊಸ ಯಂತ್ರ ಬಂತು. ಅದರಲ್ಲಿಯೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಆದರೆ ತಿದ್ದೋಣವೆಂದರೆ ಅದರ ಪ್ರೋಗ್ರಾಮಿನ ಮೂಲ ಬರಹವನ್ನು ಕಂಪನಿ ಕೊಟ್ಟಿರಲಿಲ್ಲ. ಬೇರೊಂದು ವಿಶ್ವವಿದ್ಯಾಲಯದಲ್ಲಿ ಅದು ಇದ್ದ ಒಬ್ಬರನ್ನು ಹೋಗಿ ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದು ಆತ ಕೊಡಲಿಲ್ಲ. ಒಬ್ಬ ಕೆಲಸಗಾರನು ಇನ್ನೊಬ್ಬ ಕೆಲಸಗಾರನಿಗೆ ನೆರವಾಗದಂತೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇದು ಎಂದು ಸ್ಟಾಲ್ಮನ್ನರಿಗೆ ಅಂದು ಮನಸ್ಸಿಗೆ ತಟ್ಟಿತು.

ಮೂಲ ಬರಹವೆಂದರೇನು? ಅಡಿಗೆ ಮನೆಯ ಮಾತಿನಲ್ಲಿ ಹೇಳುತ್ತೇನೆ. ಡಬ್ಬಿಯಲ್ಲಿ ಸಾಂಬಾರು ಪುಡಿ ಬಂದರೆ ಹಾಕಿ ಕುದಿಸಬಹುದು. ಅದರಲ್ಲಿ ಏನೇನು ಬಿದ್ದಿದೆ, ಖಾರ ಹೇಗೆ ಇಳಿಸುವುದು, ತಿಳಿಯದು. ಭಟ್ಟರು ಅಳತೆ ಬರೆದ ಚೀಟಿ ಕೈಗೆ ಸಿಕ್ಕಿದರೆ ನೋಡಬಹುದು, ತಿದ್ದಬಹುದು, ಪಕ್ಕದ ಹೋಟೆಲಿನ ಗೆಳೆಯನಿಗೂ ಕೊಡಬಹುದು. ಆ ಚೀಟಿಯೇ ಮೂಲ ಬರಹ. ಕಂಪನಿಗಳು ಡಬ್ಬಿ ಮಾರುತ್ತವೆ, ಚೀಟಿ ಬಚ್ಚಿಡುತ್ತವೆ.

1983ರ ಸೆಪ್ಟೆಂಬರಿನಲ್ಲಿ ಸ್ಟಾಲ್ಮನ್ ತಮ್ಮ ಸಂಕಲ್ಪವನ್ನು ಸಾರಿದರು. ಒಂದು ಕಂಪ್ಯೂಟರು ನಡೆಯಲು ಬೇಕಾದ ಎಲ್ಲ ಪ್ರೋಗ್ರಾಮುಗಳನ್ನೂ ಹೊಸದಾಗಿ ಬರೆದು ಚೀಟಿ ಸಹಿತ ಲೋಕಕ್ಕೆ ಕೊಡುತ್ತೇನೆ ಎಂದರು. ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1984ರಲ್ಲಿ ಕೆಲಸ ಬಿಟ್ಟರು. ಮಾಡಿದ್ದು ಸಂಸ್ಥೆಗೆ ಸೇರಿತು ಎಂಬ ಮಾತು ಬರಬಾರದೆಂಬ ಎಚ್ಚರ. 1985ರಲ್ಲಿ ಇದಕ್ಕಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು. ಅವರು ಕೇಳುವುದು ನಾಲ್ಕು ಸ್ವಾತಂತ್ರ್ಯ: ಪ್ರೋಗ್ರಾಮನ್ನು ಬೇಕಾದ ಕೆಲಸಕ್ಕೆ ನಡೆಸುವುದು, ಒಳಗೆ ನೋಡಿ ತಿದ್ದುವುದು, ಇದ್ದಂತೆ ಇನ್ನೊಬ್ಬರಿಗೆ ಕೊಡುವುದು, ತಿದ್ದಿದ್ದನ್ನು ಹಂಚುವುದು. ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವತಂತ್ರಕ್ಕೂ ಒಂದೇ ಮಾತಿರುವುದರಿಂದ ಅಲ್ಲಿಯ ಜನಕ್ಕೆ ಗೊಂದಲವಂತೆ. ನಮ್ಮಲ್ಲಿ ಎರಡು ಮಾತುಗಳಿವೆ. ಪುಕ್ಕಟೆ ಊಟ ಬೇರೆ, ಸ್ವತಂತ್ರ ಬಾಳು ಬೇರೆ.

1989ರಲ್ಲಿ ಅವರ ಪ್ರತಿಷ್ಠಾನ ಒಂದು ಕರಾರು ಪತ್ರವನ್ನು ಹೊರತಂದಿತು. ಅದರ ಸಾರಾಂಶ ಹೀಗೆ: ನಾನು ಚೀಟಿ ಸಹಿತ ಕೊಟ್ಟಿದ್ದೇನೆ, ನೀನು ಇದನ್ನು ಇನ್ನೊಬ್ಬರಿಗೆ ಕೊಡುವಾಗ ಚೀಟಿ ಸಹಿತವೇ ಕೊಡತಕ್ಕದ್ದು. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆದ ಲಿನಕ್ಸನ್ನು ಮರುವರ್ಷ ಇದೇ ಕರಾರಿನಲ್ಲಿ ಬಿಟ್ಟನು. ಇಂದು ಜಗತ್ತಿನ ಅತಿ ದೊಡ್ಡ ಐನೂರು ಕಂಪ್ಯೂಟರುಗಳು ಎಲ್ಲವೂ ನಡೆಯುವುದು ಲಿನಕ್ಸಿನ ಮೇಲೆ. ನಿಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನ ಅಡಿಪಾಯವೂ ಅದೇ.

ಹಾಗಾದರೆ ಗೆದ್ದಾಯಿತಲ್ಲ ಎನ್ನುವಿರಿ. ಇಲ್ಲಿಯೇ, ಸಹೋದರರೇ, ಇಂದಿನ ಮುಖ್ಯ ಮಾತು. ಚೀಟಿ ಕೈಗೆ ಬರುವ ಹೊತ್ತಿಗೆ ಒಲೆಯನ್ನೇ ಬೇರೆ ಮನೆಗೆ ಒಯ್ದರು.

ನಮ್ಮ ಹೋಟೆಲುಗಳಲ್ಲಿ ಸರ್ವರ್ ಎಂದರೆ ನಾವು. ಗಿರಾಕಿ ಕೇಳಿದ್ದನ್ನು ತಂದಿಡುವವರು. ಕಂಪ್ಯೂಟರಿನವರ ಸರ್ವರೂ ಅಂಥದ್ದೆ. ದೂರದಲ್ಲೆಲ್ಲೋ ಇರುವ ಯಂತ್ರ. ನಿಮ್ಮ ಫೋನು ಕೇಳುತ್ತದೆ, ಅದು ತಂದಿಡುತ್ತದೆ. ಆದರೆ ಒಂದು ವ್ಯತ್ಯಾಸ. ಸರ್ವರ್ ಇಡ್ಲಿ ತಂದಿಡುತ್ತಾನೆ ನಿಜ, ಆದರೆ ಅವನು ದುಡಿಯುವುದು ಗಿರಾಕಿಗೋ, ಪಗಾರ ಕೊಡುವ ಧನಿಗೋ? 2010ರಲ್ಲಿ ಸ್ಟಾಲ್ಮನ್ ಬರೆದ ಒಂದು ಲೇಖನ ಕೇಳುವುದೂ ಇದನ್ನೇ: ಆ ಸರ್ವರು ನಿಜವಾಗಿ ಸೇವೆ ಮಾಡುವುದು ಯಾರಿಗೆ?

ಅವರ ವಾದ ಹೀಗೆ. ನಿಮ್ಮದೇ ಕೆಲಸವನ್ನು, ಎಂದರೆ ನಿಮ್ಮ ಲೆಕ್ಕ, ನಿಮ್ಮ ಬರಹ, ನಿಮ್ಮ ಪಟ್ಟಿಯನ್ನು ಇನ್ನೊಬ್ಬನ ಸರ್ವರಿಗೆ ಒಪ್ಪಿಸಿದರೆ, ಡಬ್ಬಿಯೂ ನಿಮ್ಮ ಕೈಯಲ್ಲಿಲ್ಲ. ನಡೆಯುವ ಪ್ರೋಗ್ರಾಮು ಅವನ ಮನೆಯಲ್ಲಿದೆ. ಅದನ್ನು ಅವನು ರಾತ್ರೋರಾತ್ರಿ ಬದಲಾಯಿಸಬಹುದು. ನಿಮ್ಮ ಲೆಕ್ಕವನ್ನು ಕದಿಯಲು ಅವನು ಗೂಢಚಾರನನ್ನು ಕಳಿಸಬೇಕಿಲ್ಲ; ನೀವೇ ದಿನವೂ ಒಯ್ದು ಕೊಡುತ್ತೀರಿ. ಅವನು ನಡೆಸುವುದು ಸ್ವತಂತ್ರ ಪ್ರೋಗ್ರಾಮೇ ಆಗಿದ್ದರೂ ಆ ಸ್ವಾತಂತ್ರ್ಯ ಅವನಿಗೆ ಸಿಕ್ಕಿತೇ ಹೊರತು ನಿಮಗಲ್ಲ. 2008ರಲ್ಲಿಯೇ, ಎಲ್ಲರೂ ಇದನ್ನು ಕ್ಲೌಡ್ ಎಂದು ಹೊಗಳುತ್ತಿದ್ದಾಗ, ಇದು ಮೂರ್ಖತನ, ಇದೊಂದು ಬೋನು ಎಂದು ಅವರು ಎಚ್ಚರಿಸಿದ್ದರು. ನಮ್ಮ ಚಹಾದವರ ಒಂದೂವರೆ ವರ್ಷ ಆ ಬೋನಿನಲ್ಲಿಯೇ ಸಿಕ್ಕಿಬಿತ್ತು.

ಇನ್ನೊಂದು ಉದಾಹರಣೆ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿ, ಗಿರಾಕಿಗಳು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್ಲರ ಪುಸ್ತಕಗಳನ್ನು ಅವರ ಓದುವ ಯಂತ್ರಗಳಿಂದ ದೂರದಿಂದಲೇ ಅಳಿಸಿತು. ಮಾರಿದವನಿಗೆ ಅದರ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ಹಿಂತಿರುಗಿಸಿದರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೆ ಕೊಂಡವನ ಮನೆಯೊಳಗಿನ ಪುಸ್ತಕವನ್ನು ಅಂಗಡಿಯವನು ತೆಗೆಯಬಲ್ಲನೆಂದು ಲೋಕಕ್ಕೆ ತಿಳಿದುಹೋಯಿತು.

ಎಲ್ಲ ಸರ್ವರುಗಳೂ ಕೆಟ್ಟವೆಂದು ಅವರು ಹೇಳುವುದಿಲ್ಲ, ನಾವೂ ಹೇಳಬಾರದು. 2003ರಿಂದ ಕನ್ನಡದಲ್ಲಿ ವಿಕಿಪೀಡಿಯ ಇದೆ. ಅದು ಎಲ್ಲರೂ ಕೂಡಿ ಬರೆದು ಎಲ್ಲರಿಗೂ ತೆರೆದಿಟ್ಟ ಪುಸ್ತಕ. ಅದು ಸರ್ವರಿನಲ್ಲಿರಬೇಕಾದದ್ದೇ. ಊರಿಗೆ ಹಣ ಕಳಿಸುವುದು ನಮ್ಮ ಮತ್ತು ಬ್ಯಾಂಕಿನ ನಡುವಿನ ವ್ಯವಹಾರ. ಅದಕ್ಕೆ ಬ್ಯಾಂಕಿನ ಸರ್ವರು ಬೇಕು. ಪ್ರಶ್ನೆ ಇರುವುದು, ನಮ್ಮ ಕೋಣೆಯಲ್ಲೇ ಮಾಡಬಹುದಾದ ನಮ್ಮ ಕೆಲಸವನ್ನು ಪರರಿಗೆ ಒಪ್ಪಿಸುವುದರಲ್ಲಿ.

ಸ್ಟಾಲ್ಮನ್ನರ ಎಲ್ಲ ಮಾತನ್ನೂ ನಾನು ಒಪ್ಪುವವನಲ್ಲ. ಜಾಡು ಹಿಡಿಯುತ್ತದೆಂದು ಅವರು ಮೊಬೈಲು ಫೋನನ್ನೇ ಇಟ್ಟುಕೊಳ್ಳುವುದಿಲ್ಲ. ಅವರಿಗೆ ಅದು ಸಾಧ್ಯವಿರಬಹುದು. ಪಾರ್ಸೆಲು ಒಯ್ಯುವ ನಮ್ಮ ಹುಡುಗನು ಫೋನು ಬಿಟ್ಟರೆ ಅಂದಿನ ಅನ್ನ ಬಿಟ್ಟಂತೆ. 2019ರಲ್ಲಿ, ಶೋಷಣೆಗೊಳಗಾದ ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಅವರು ಆಡಿದ ಮಾತಿಗೆ ಭಾರೀ ಖಂಡನೆಯಾಗಿ, ಎಂ.ಐ.ಟಿ.ಯನ್ನೂ ತಮ್ಮ ಪ್ರತಿಷ್ಠಾನದ ಅಧ್ಯಕ್ಷತೆಯನ್ನೂ ಬಿಡಬೇಕಾಯಿತು. 2021ರಲ್ಲಿ ಪ್ರತಿಷ್ಠಾನದ ಮಂಡಳಿಗೆ ಮರಳಿದಾಗಲೂ ಅನೇಕರು ವಿರೋಧಿಸಿದರು. ಆ ವಿರೋಧ ಅರ್ಥವಿಲ್ಲದ್ದಲ್ಲ. ನಾವು ವ್ಯಕ್ತಿಯ ಪಟಕ್ಕೆ ಹಾರ ಹಾಕಲು ಬಂದವರಲ್ಲ. ಮಾತು ಸರಿಯಿದ್ದಲ್ಲಿ ತೆಗೆದುಕೊಳ್ಳೋಣ.

ನನಗೆ ತೋರುವ ಇನ್ನೊಂದು ಕೊರತೆ ಇದು. ಅವರ ದಾರಿಯಲ್ಲಿ ಒಬ್ಬೊಬ್ಬನೂ ತಾನೇ ಬೇಡವೆನ್ನಬೇಕು. ಒಬ್ಬ ಮಾಣಿ ಬೆರಳೊತ್ತುವುದಿಲ್ಲವೆಂದರೆ ನಾಳೆ ಅವನ ಜಾಗದಲ್ಲಿ ಇನ್ನೊಬ್ಬ ಮಾಣಿ. ಹನ್ನೊಂದು ಮಂದಿ ಕೂಡಿ ನೋಟುಪುಸ್ತಕ ಹಿಡಿದು ನಿಂತದ್ದರಿಂದಲೇ ನಮ್ಮ ಅರ್ಧ ಗಂಟೆ ಬಂತು. 2025ರಲ್ಲಿ ಕರ್ನಾಟಕದಲ್ಲಿ, ಆ್ಯಪಿನ ಮೂಲಕ ದುಡಿಯುವವರಿಗಾಗಿ ಒಂದು ಕಾಯಿದೆಯಾಯಿತು. ಅವರ ಕೆಲಸವನ್ನು ಅಳೆಯುವ ಯಂತ್ರದ ಲೆಕ್ಕಾಚಾರ ಹೇಗೆಂದು ಕಂಪನಿ ಅವರಿಗೆ ತಿಳಿಸಬೇಕೆಂಬ ಮಾತು ಅದರಲ್ಲಿದೆ. ಅದು ಮುಂಬಯಿಗೆ ಅನ್ವಯಿಸದು. ಆದರೂ ಕೂಡಿ ಕೇಳಿದರೆ ಯಂತ್ರದ ಹೊಟ್ಟೆಯನ್ನೂ ತೆರೆಸಬಹುದೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ.

ಈಗ ನಮ್ಮ ಪಟ್ಟಿಯ ವಿಷಯ. ಅದರಲ್ಲಿ ಏನಿದೆ? ಸಂಘಕ್ಕೆ ಸೇರಿದ್ದೇನೆಂದು ಧನಿಗೆ ಇನ್ನೂ ಹೇಳದವರ ಹೆಸರಿದೆ. ಯಾರ ಮೇಲೆ ಯಾರ ದೂರು ಎಂಬುದಿದೆ. ಈ ಪುಸ್ತಕ ನಾಳೆ ಯಾರ ಕೈಗೆ ಹೋಗುತ್ತದೆಂದು ಪುಕ್ಕಟೆ ಕೊಡುವವನು ನಮಗೆ ಬರೆದು ಕೊಟ್ಟಿದ್ದಾನೆಯೇ? ಅವನು ಅಂಗಡಿ ಮುಚ್ಚಿದರೆ ನಮ್ಮ ಹತ್ತಿರ ಉಳಿಯುವುದೇನು?

ಆದ್ದರಿಂದ ನನ್ನ ತಿದ್ದುಪಡಿ ಹೀಗಿದೆ. ಒಂದು: ಪಟ್ಟಿ ಮತ್ತು ಚಂದಾ ಲೆಕ್ಕ ಸಂಘದ ಕೋಣೆಯ ಕಂಪ್ಯೂಟರಿನಲ್ಲಿಯೇ ಇರಲಿ. ಅದಕ್ಕೆ ಲಿಬ್ರೆಆಫೀಸ್ ಎಂಬ ಸ್ವತಂತ್ರ ಪ್ರೋಗ್ರಾಮು ಸಾಕು. ಅದಕ್ಕೆ ಬಾಡಿಗೆಯಿಲ್ಲ, ಕನ್ನಡದಲ್ಲಿಯೂ ಬರೆಯಬಹುದು. ಎರಡು: ವಾರಕ್ಕೊಮ್ಮೆ ಅದರ ನಕಲು ತೆಗೆದು ಖಜಾಂಚಿಯವರ ಬಳಿ ಬೀಗದಲ್ಲಿರಲಿ, ಕಾಗದದ ಪುಸ್ತಕವೂ ನಡೆಯಲಿ. ಮೂರು: ಯಂತ್ರದ ಹಾಜರಿ ಇರುವ ಪ್ರತಿ ಹೋಟೆಲಿನಲ್ಲಿ ನಮ್ಮವರು ಒಂದು ನೋಟುಪುಸ್ತಕ ಇಡಲಿ, ತಿಂಗಳಿಗೊಮ್ಮೆ ಯಂತ್ರದ ಲೆಕ್ಕದ ಪ್ರತಿಯನ್ನು ಕೇಳಿ ತಾಳೆ ನೋಡಲಿ. ನಾಲ್ಕು: ರಾತ್ರಿ ಶಾಲೆಯಲ್ಲಿ ಈ ಕೆಲಸ ಕಲಿಯಲು ಇಬ್ಬರು ತರುಣರನ್ನು ಇಂದೇ ಆರಿಸೋಣ. ಸೂಚನೆ ತಂದ ತಮ್ಮಂದಿರೇ ಆ ಇಬ್ಬರಾದರೆ ನನಗೆ ಬಹಳ ಸಂತೋಷ.

ಇದರಲ್ಲಿ ರಗಳೆ ಉಂಟು, ಇಲ್ಲವೆನ್ನುವುದಿಲ್ಲ. ಪುಕ್ಕಟೆ ಆ್ಯಪಿನಲ್ಲಿ ಸುಲಭವಿದೆ. ಆದರೆ ನಮ್ಮ ಹಿರಿಯರು ಚಿಮಣಿ ದೀಪದಲ್ಲಿ ಕೂತು ಚಂದಾ ಪುಸ್ತಕ ಬರೆದದ್ದು ಸುಲಭಕ್ಕಲ್ಲ. ಪುಸ್ತಕ ನಮ್ಮ ಕೈಯಲ್ಲಿದ್ದರೆ ಸಂಘ ನಮ್ಮ ಕೈಯಲ್ಲಿರುತ್ತದೆ ಎಂದು ಅವರು ಬಲ್ಲವರಾಗಿದ್ದರು.

ನಾಳೆ ಬೆಳಗ್ಗೆ ಐದೂವರೆಗೆ ಮತ್ತೆ ಒಲೆ ಹೊತ್ತಿಸಬೇಕು. ಆ ಹೊತ್ತನ್ನು ಮೊದಲು ನಮ್ಮ ಪುಸ್ತಕದಲ್ಲಿ ಬರೆಯೋಣ, ಆಮೇಲೆ ಯಂತ್ರಕ್ಕೆ ಬೆರಳೊತ್ತೋಣ.