ಮಿತಿಯ ಬೇಲಿ ಎಲ್ಲಿರಬೇಕು? – ಜೂಜು, ಸಂಬಳ ಮತ್ತು ಸಂಸಾರ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಜೂಜು ಕೆಟ್ಟದ್ದು ಎಂದು ಹೇಳುವುದಕ್ಕೆ ಈ ಸಭೆಯಲ್ಲಿ ಒಂದು ಉಪನ್ಯಾಸ ಬೇಕಾಗಿಲ್ಲ. ಕುರ್‌ಆನ್‌ನ ಅಲ್ ಮಾಇದ ಅಧ್ಯಾಯದ 90ನೇ ವಚನದಲ್ಲಿ ಮದ್ಯ ಮತ್ತು ಜೂಜು ಎರಡನ್ನೂ ಒಟ್ಟಿಗೇ ದೂರವಿಡಲು ಹೇಳಿದೆ. ಧರ್ಮರಾಯ ಪಗಡೆಯಾಡಿ ರಾಜ್ಯ ಕಳೆದುಕೊಂಡ ಕಥೆಯನ್ನು ಈ ನಾಡಿನ ಮಕ್ಕಳೆಲ್ಲ ಕೇಳಿಯೇ ಬೆಳೆದಿದ್ದಾರೆ. ಆದರೂ ಪೀಣ್ಯದ ಲೇತ್ ಶೆಡ್ಡುಗಳಲ್ಲಿ, ವೈಟ್‌ಫೀಲ್ಡ್‌ನ ಪಿ.ಜಿ. ಕೊಠಡಿಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬ್ ನಿಲ್ದಾಣಗಳಲ್ಲಿ ನಮ್ಮ ಹುಡುಗರು ಬೇರೆಯೇ ಒಂದು ಪ್ರಶ್ನೆ ಕೇಳುತ್ತಾರೆ: “ಒಂದು ಮಿತಿಯಲ್ಲಿ ಆಡಿದರೆ ಏನಾಗುತ್ತದೆ? ತಿಂಗಳಿಗೆ 500 ರೂಪಾಯಿ, ಅಷ್ಟೇ ತಾನೇ?” ಈ ಪ್ರಶ್ನೆಗೆ ಬೈಗುಳ ಉತ್ತರವಲ್ಲ. ಲೆಕ್ಕ ಹಾಕಿಯೇ ಉತ್ತರ ಕೊಡಬೇಕು.

ಅಂಗಡಿಯಿಂದ ಅಂಗೈಗೆ

ಹಿಂದೆ ಜೂಜಿಗೆ ಒಂದು ಜಾಗವಿತ್ತು, ಒಂದು ಹೊತ್ತು ಇತ್ತು. ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರು ರೇಸ್‌ಕೋರ್ಸ್‌ಗೆ ಹೋಗಬೇಕಿತ್ತು. ಮಟ್ಕಾ ಬರೆಸುವವರು ಚೀಟಿ ಬರೆಯುವವನನ್ನು ಹುಡುಕಬೇಕಿತ್ತು. ಅಂದರ್ ಬಾಹರ್ ಆಡಲು ನಾಲ್ಕು ಜನ ಸೇರಬೇಕಿತ್ತು. ಬಸ್ ನಿಲ್ದಾಣದ ಪಕ್ಕದಲ್ಲಿದ್ದ ಲಾಟರಿ ಅಂಗಡಿಯ ಮುಂದೆ ನಿಂತರೆ ಪರಿಚಯದವರು ಯಾರಾದರೂ ನೋಡಿಬಿಟ್ಟಾರು ಎಂಬ ಅಂಜಿಕೆಯಾದರೂ ಇತ್ತು. ಆ ಲಾಟರಿಯಿಂದ ಕೂಲಿಕಾರರ ಮನೆಗಳು ಹಾಳಾಗುತ್ತಿವೆ ಎಂಬ ಕೂಗಿನ ನಡುವೆ 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ಮಾರಾಟ ನಿಂತಿತು.

ಮೊಬೈಲ್ ಫೋನ್ ಬಂದ ಮೇಲೆ ಆ ಅಂಗಡಿ ಅಂಗೈಗೇ ಬಂತು. ರಾಜ್ಯ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನನ್ನು ಅಂಗೀಕರಿಸಿತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ. ಆಡಿ ಸೋತವನನ್ನು ಆ ಕಾನೂನು ಅಪರಾಧಿ ಎಂದು ಕರೆಯುವುದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಡ್ರೀಮ್ ಇಲೆವೆನ್‌ನಂಥ ದೊಡ್ಡ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿದವು. ಕೆಲವು ಕಂಪನಿಗಳು ಕಾನೂನನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದವು.

ಆದರೆ ಕಾನೂನು ಒಂದು ಬಾಗಿಲು ಹಾಕಿದರೆ ಚಟ ಮತ್ತೊಂದನ್ನು ಹುಡುಕುತ್ತದೆ. ಹೊರದೇಶದಿಂದ ನಡೆಯುವ ಬೆಟ್ಟಿಂಗ್ ತಾಣಗಳು, ವಾಟ್ಸ್ಆಪ್‌ನಲ್ಲಿ ಬರುವ ‘ಗ್ಯಾರಂಟಿ ಟಿಪ್ಸ್’, ಐಪಿಎಲ್ ಕಾಲದ ಬುಕ್ಕಿಗಳು – ಇವುಗಳಿಗೆ ಲೈಸೆನ್ಸೂ ಇಲ್ಲ, ಲೆಕ್ಕವೂ ಇಲ್ಲ. ಗೆದ್ದ ಹಣ ಕೊಡದಿದ್ದರೆ ಕೇಳಲು ಜಾಗವೂ ಇಲ್ಲ.

ಲೆಕ್ಕ ಏನು ಹೇಳುತ್ತದೆ?

ವಿದ್ಯಾರ್ಥಿಗಳೇ, ಒಂದು ಸಣ್ಣ ಲೆಕ್ಕ ಮಾಡೋಣ. 100 ಜನ ತಲಾ 100 ರೂಪಾಯಿ ಹಾಕಿದರು ಎನ್ನಿ. ಒಟ್ಟು 10,000. ಆಟ ನಡೆಸುವವನು ಪ್ರತಿ ಸುತ್ತಿನಲ್ಲೂ ನೂರಕ್ಕೆ 10 ರೂಪಾಯಿ ತನ್ನ ಪಾಲೆಂದು ತೆಗೆದುಕೊಳ್ಳುತ್ತಾನೆ. ಉಳಿದದ್ದು ಗೆದ್ದವರಿಗೆ. ಗೆದ್ದವರು ಅದೇ ಹಣವನ್ನು ಮತ್ತೆ ಆಟಕ್ಕೆ ಹಾಕುತ್ತಾರೆ. ಹತ್ತು ಸುತ್ತು ಮುಗಿಯುವ ಹೊತ್ತಿಗೆ ಆಡಿದವರೆಲ್ಲರ ಕೈಯಲ್ಲಿ ಒಟ್ಟಾಗಿ ಉಳಿಯುವುದು ಸುಮಾರು 3,487 ರೂಪಾಯಿ. ಮಿಕ್ಕ 6,500ಕ್ಕೂ ಹೆಚ್ಚು ಹಣ ಒಂದು ಎಲೆಯನ್ನೂ ಎಳೆಯದೆ ಕುಳಿತವನದಾಯಿತು. ಯಾರು ಜಾಣ, ಯಾರು ಅದೃಷ್ಟವಂತ ಎಂಬುದರಿಂದ ಈ ಮೊತ್ತ ಬದಲಾಗುವುದಿಲ್ಲ. ನೆರೆಯ ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. ಅಲ್ಲಿ ಅದು ಕಾನೂನುಬದ್ಧ. ಆದರೆ ಟಿಕೆಟ್ ಕೊಂಡವರೆಲ್ಲರಿಗೂ ಸೇರಿ ಬರುವ ಬಹುಮಾನ ಅವರೆಲ್ಲರೂ ಕೊಟ್ಟ ಹಣಕ್ಕಿಂತ ಕಡಿಮೆಯೇ.

ಜೂಜಿಗೆ ಕುರ್‌ಆನ್ ಬಳಸಿರುವ ಪದ ‘ಮೈಸಿರ್’. ಸುಲಭ ಎಂಬ ಅರ್ಥದ ಮೂಲಕ್ಕೆ ಅದು ಸೇರಿದ್ದೆಂದು ಬಲ್ಲವರು ಹೇಳುತ್ತಾರೆ. ಸುಲಭವಾಗಿ ಬರುವ ಹಣ ಎಂಬ ಆಸೆಯೇ ಇದರ ಬೇರು.

ಮನಸ್ಸಿನೊಳಗಿನ ಬೇಲಿ

ಇನ್ನು ‘ಮಿತಿ’ಯ ವಿಷಯ. ಆಡಿದವರೆಲ್ಲ ಚಟಕ್ಕೆ ಬೀಳುತ್ತಾರೆ ಎಂದು ನಾನು ಹೇಳುವುದಿಲ್ಲ, ಅದು ನಿಜವಲ್ಲ. ಆದರೆ ಯಾರು ಬೀಳುತ್ತಾರೆ ಎಂದು ಮೊದಲೇ ಹೇಳುವ ಯಂತ್ರವೂ ಇಲ್ಲ. 500 ರೂಪಾಯಿ ಎಂಬ ಮಿತಿಯನ್ನು ಹಾಕುವುದು ಶಾಂತವಾಗಿರುವ ಮನಸ್ಸು. ಅದನ್ನು ಮುರಿಯುವುದು ಸೋತು ಕುದಿಯುವ ಮನಸ್ಸು. ಇವೆರಡೂ ಒಂದೇ ತಲೆಯಲ್ಲಿದ್ದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. “ಹೋದದ್ದನ್ನು ವಾಪಸ್ ತಂದು ನಿಲ್ಲಿಸುತ್ತೇನೆ” ಎಂಬ ಒಂದು ಮಾತು ಸಾಕು, 500 ಹೋಗಿ 5,000 ಆಗುತ್ತದೆ, 5,000 ಹೋಗಿ 50,000 ಆಗುತ್ತದೆ. ಸತತ ಐದು ಬಾರಿ ಸೋತವನು ಆರನೆಯದು ತನ್ನದೇ ಎಂದು ನಂಬುತ್ತಾನೆ. ನಾಣ್ಯಕ್ಕೆ ಹಿಂದಿನ ಐದು ಬಾರಿಯ ನೆನಪಿರುವುದಿಲ್ಲ!

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಜೂಜಿನ ಗೀಳು ಮದ್ಯದ ಚಟದ ಸಾಲಿನಲ್ಲೇ ಇದೆ. ಆಟ ಯಾವಾಗ, ಎಷ್ಟು ಎಂಬುದು ಕೈಮೀರುವುದು, ಬದುಕಿನ ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗುವುದು, ನಷ್ಟವಾಗುತ್ತಿದ್ದರೂ ಬಿಡಲಾಗದಿರುವುದು – ಇವು ಅದರ ಲಕ್ಷಣಗಳು. ಮನೆಯವರಿಗೆ ಕಾಣಿಸುವ ಗುರುತುಗಳು ಇನ್ನೂ ಸರಳ: ಸಂಬಳವಾದ ವಾರದಲ್ಲೇ ಕೈಸಾಲ, ಫೋನ್ ಮಗುಚಿಡುವುದು, ಬೈಕ್ ಅಥವಾ ಹೆಂಡತಿಯ ಒಡವೆ ಅಡವಿಗೆ ಹೋಗುವುದು, ಕೇಳಿದರೆ ಸಿಡುಕು.

ನಮ್ಮ ಈ ಕೈಗಾರಿಕಾ ಪ್ರದೇಶಗಳಲ್ಲಿ ಆಪತ್ತು ಇನ್ನಷ್ಟು ಹತ್ತಿರ. ಹುಡುಗ ಕಲಬುರಗಿಯಿಂದಲೋ ದಾವಣಗೆರೆಯಿಂದಲೋ ಬಂದು ಒಬ್ಬನೇ ಇರುತ್ತಾನೆ. ನೈಟ್ ಶಿಫ್ಟ್ ಮುಗಿದ ಮೇಲೆ ನಿದ್ದೆ ಬರುವುದಿಲ್ಲ. ಸಂಬಳ ಖಾತೆಯೂ, ಆಟವೂ, ಐದು ನಿಮಿಷದಲ್ಲಿ ಸಾಲ ಕೊಡುವ ಆಪ್ ಕೂಡ ಅದೇ ಫೋನಿನಲ್ಲಿವೆ. ಮಧ್ಯೆ ‘ಬೇಡಪ್ಪಾ’ ಎನ್ನುವವರು ಯಾರೂ ಇಲ್ಲ.

ಬೇಲಿಯನ್ನು ಹೊರಗೆ ಹಾಕಿ

ಆದ್ದರಿಂದ ನನ್ನ ವಿನಂತಿ ಇಷ್ಟೇ: ಬೇಲಿ ಮನಸ್ಸಿನೊಳಗೆ ಬೇಡ, ಹಣ ಹೋಗುವ ದಾರಿಯ ಮೇಲಿರಲಿ.

ಈಗ ಆಡುತ್ತಿರುವ ತಮ್ಮಂದಿರಿಗೆ: ಸಂಬಳ ಬಂದ ದಿನವೇ ಬಾಡಿಗೆ, ಮನೆಗೆ ಕಳುಹಿಸುವ ಹಣ, ಫೀಸು, ಚೀಟಿ ಕಟ್ಟಿಬಿಡಿ. ಬೇರೊಂದು ಖಾತೆ ತೆರೆದು ಖರ್ಚಿನ ಹಣ ಮಾತ್ರ ಅಲ್ಲಿಡಿ, ಯುಪಿಐ ಆ ಖಾತೆಗೆ ಮಾತ್ರ ಇರಲಿ. ದಿನದ ಮಿತಿಯನ್ನು ಬ್ಯಾಂಕಿನಲ್ಲಿ ಇಳಿಸಿಕೊಳ್ಳಿ. ಆಟದ ಆಪ್ ಜೊತೆಗೆ ಸಾಲದ ಆಪ್ ಅನ್ನೂ ತೆಗೆಯಿರಿ, ಟಿಪ್ಸ್ ಗುಂಪುಗಳಿಂದ ಹೊರಬನ್ನಿ. ನಂಬುಗೆಯ ಒಬ್ಬ ಹಿರಿಯರಿಗೆ ನಿಜ ಹೇಳಿ. ಸೋತ ದಿನ ಹೋದದ್ದು ಹೋಯಿತು ಎಂದು ಎದ್ದುಬಿಡಿ. ಕಳೆದ ಹಣವನ್ನು ಆಟದಲ್ಲೇ ಹುಡುಕುವವನಿಗೆ ಇಂಥ ಯಾವ ಬೇಲಿಯೂ ಸಾಲದು, ಅವನು ಪೂರ್ತಿ ಬಿಡುವುದೊಂದೇ ದಾರಿ.

ಮನೆಯವರಿಗೆ: ಮಗ ಸಾಲ ಮಾಡಿಕೊಂಡನೆಂದು ತಿಳಿದ ಕೂಡಲೇ ಉಮ್ರಾಕ್ಕೆಂದೋ ಮಗಳ ಮದುವೆಗೆಂದೋ ಕೂಡಿಟ್ಟ ಹಣ ತೆಗೆದು ಗುಟ್ಟಾಗಿ ತೀರಿಸಬೇಡಿ. ಹಾಗೆ ತೀರಿಸಿದರೆ ಸಾಲ ಕೊಡುವವರ ಬಾಗಿಲು ಅವನಿಗೆ ಮತ್ತೆ ತೆರೆಯುತ್ತದೆ. ಮೊದಲು ಯಾರಿಗೆ ಎಷ್ಟು ಎಂದು ಪೂರ್ತಿ ಪಟ್ಟಿ ಬರೆಸಿ. ಕಂತು ಮಾಡಿ, ಹಣವನ್ನು ಅವನ ಕೈಗೆ ಕೊಡದೆ ಸಾಲಗಾರರಿಗೇ ನೇರವಾಗಿ ಕಟ್ಟಿ. ವಸೂಲಿಯವರು ಬೆದರಿಸಿದರೆ ಹೆದರಿ ಮತ್ತೊಂದು ಸಾಲ ಮಾಡಬೇಡಿ, ಪೊಲೀಸರಿಗೆ ತಿಳಿಸಿ. ಆನ್‌ಲೈನ್ ವಂಚನೆಯಾಗಿದ್ದರೆ 1930ಕ್ಕೆ ಕರೆ ಮಾಡಿ.

ಚಿಕಿತ್ಸೆಗೆ ನಾವು ದೂರ ಹೋಗಬೇಕಾಗಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮೊಬೈಲ್ ಮತ್ತು ಆನ್‌ಲೈನ್ ಗೀಳಿಗೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಲ್ಲಿ ಅಲ್ಲಿ ಆರಂಭವಾಯಿತು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. “ಬದುಕು ಸಾಕು” ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅದನ್ನು ನಾಟಕ ಎನ್ನಬೇಡಿ. ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಯದಾಗಿ ಸಂಘದ ಹಿರಿಯರಿಗೆ: ನಾವು ವಿದ್ಯಾರ್ಥಿವೇತನ ಕೊಡುತ್ತೇವೆ, ಬಡ್ಡಿಯಿಲ್ಲದ ಸಾಲದ ಮಾತಾಡುತ್ತೇವೆ. ಅದರ ಜೊತೆಗೆ ಒಬ್ಬ ಹುಡುಗ ಬಂದು “ಸಾಹೇಬ್ರೇ, ನಾನು ಸಿಕ್ಕಿಹಾಕಿಕೊಂಡಿದ್ದೇನೆ” ಎಂದು ಹೇಳಿಕೊಳ್ಳುವುದಕ್ಕೂ ಇಲ್ಲಿ ಒಂದು ಜಾಗವಿರಲಿ. ಅವನು ಹೇಳಿದ್ದು ಮೊಹಲ್ಲಾದ ಚಹಾ ಅಂಗಡಿಗೆ ತಲುಪದಿರಲಿ. ದೇಶದ ಕಾನೂನೇ ಅವನನ್ನು ಅಪರಾಧಿ ಎನ್ನದಿರುವಾಗ ನಾವು ಯಾಕೆ ಅನ್ನಬೇಕು? ಪಾಪವನ್ನು ಪಾಪ ಎಂದು ಹೇಳೋಣ. ತೌಬಾದ ಬಾಗಿಲು ಅವನಿಗೆ ತೆರೆದಿದೆ ಎಂಬುದನ್ನೂ ಹೇಳೋಣ, ವೈದ್ಯರ ಬಾಗಿಲಿನವರೆಗೆ ಜೊತೆಗೂ ಹೋಗೋಣ. ಮುಚ್ಚಿಟ್ಟ ಸಾಲ ಬೆಳೆಯುತ್ತದೆ. ಹೇಳಿಕೊಂಡ ಸಾಲವನ್ನು ತಿಂಗಳು ತಿಂಗಳು ಕಟ್ಟಿ ತೀರಿಸಬಹುದು.